ಚಹಾ, ಬಾಗಿಲು, ನಗು ಮುಂತಾದವುಗಳಲ್ಲಿ ಕಂಡುಬರುವ ಒಲವಿನ ಬಗ್ಗೆ

ಬೀದಿದೀಪ ನಿರ್ವಹಣಾ ಕಚೇರಿ
(ಒಲವು ಗಮನ ಸಮಿತಿ)

ಸಂಖ್ಯೆ: ಬೀದಿ/ಒಲವು/ಆಕಡೆ-ಈಕಡೆ/ತಿದ್ದುಪಡಿಯ ತಿದ್ದುಪಡಿ

ಸುತ್ತೋಲೆ

ವಿಷಯ: ಸಿಬ್ಬಂದಿಯವರ ದಿನನಿತ್ಯದ ಅಭ್ಯಾಸಗಳಿಂದ ಅವರ ರಾಜಕೀಯ ಒಲವು ಬಯಲಾಗುತ್ತಿರುವುದನ್ನು ತಡೆಗಟ್ಟುವ, ಹಾಗೂ ತಾನಾಗಿ ಬಯಲಾಗದಿದ್ದಲ್ಲಿ ಬಯಲು ಮಾಡುವ ಕುರಿತು.

ಉಲ್ಲೇಖ:
1) ಮೇಲಿನವರು ಕಾರು ಹತ್ತುವಾಗ ನೀಡಿದ ಮೌಖಿಕ ಸೂಚನೆ.
2) ಕಾರು ಹೊರಟುಹೋದ ಮೇಲೆ ಸದರಿ ಸೂಚನೆಯನ್ನು ಈ ಕಚೇರಿಯ ಸಾಹೇಬರು ಅರ್ಥ ಮಾಡಿಕೊಂಡ ರೀತಿ.
3) ರವಾನೆ ವಿಭಾಗದ ದೊಡ್ಡಕ್ಕನವರ ಪ್ರಕರಣ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಯವರ ಅವಗಾಹನೆಗೆ ತರಬಯಸುವುದೇನೆಂದರೆ, ಯಾವುದೇ ನೌಕರರನ್ನು 'ನೀವು ಯಾವ ಕಡೆಯವರು' ಎಂದು ಕೇಳುವುದು ನಿಯಮಬಾಹಿರ. ಅದು ಅವರವರ ಸ್ವಂತ ವಿಚಾರ. ಆದ್ದರಿಂದ ಕೇಳದೆಯೇ ತಿಳಿದುಕೊಳ್ಳುವ ಸಲುವಾಗಿ ಒಲವು ಗಮನ ಸಮಿತಿಯನ್ನು ರಚಿಸಲಾಯಿತು. ಸಾಹೇಬರು ಅದರ ಅಧ್ಯಕ್ಷರು. ದೂರು ವಿಭಾಗದ ಸಹಾಯಕರೊಬ್ಬರನ್ನು ಕಾರ್ಯದರ್ಶಿಯಾಗಿ ನೇಮಿಸಲಾಗಿದ್ದು, ಈ ಸುತ್ತೋಲೆಯ ಕರಡನ್ನು ಬರೆದವರೂ ಅವರೇ ಆಗಿರುತ್ತಾರೆ.

ರವಾನೆ ವಿಭಾಗದ ಹಿರಿಯ ಸಹಾಯಕಿಯವರನ್ನು ಇಡೀ ಕಚೇರಿ ದೊಡ್ಡಕ್ಕ ಎಂದು ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯಲಾಗಿದೆ. ಸದರಿಯವರು ಕಾರ್ಯದರ್ಶಿಯವರ ಅಣ್ಣನ ಹೆಂಡತಿ. ಇಬ್ಬರೂ ಒಂದೇ ಮನೆಯಲ್ಲಿ ವಾಸವಾಗಿದ್ದು, ಒಂದೇ ಬಸ್ಸಿನಲ್ಲಿ ಕಚೇರಿಗೆ ಬರುತ್ತಾರೆ. ಈ ಮಾಹಿತಿಯನ್ನು ಯಾರೂ ಕೇಳಿರುವುದಿಲ್ಲ. ಆದರೆ ಮುಂದೆ ಬೇಕಾಗುತ್ತದೆ.

1. ವ್ಯಾಖ್ಯೆ

ಈ ಸುತ್ತೋಲೆಯಲ್ಲಿ 'ಈ ಕಡೆ' ಎಂದರೆ ಸದ್ಯ ಮೇಲಿರುವವರ ಕಡೆ. 'ಆ ಕಡೆ' ಎಂದರೆ ಸದ್ಯ ಮೇಲಿಲ್ಲದವರ ಕಡೆ. ಮೇಲಿನವರು ಬದಲಾದಾಗ ಸುತ್ತೋಲೆಯನ್ನು ಬದಲಾಯಿಸುವ ಅಗತ್ಯವಿರುವುದಿಲ್ಲ. ಓದುವವರು ಮಗ್ಗುಲು ಬದಲಾಯಿಸಿದರೆ ಸಾಕು. 'ನಾನು ಯಾವ ಕಡೆಯೂ ಅಲ್ಲ' ಎಂಬ ಕಡೆಯು ಈ ಕಚೇರಿಗೆ ಮಂಜೂರಾಗಿರುವುದಿಲ್ಲ.

2. ಚಹಾ

ಕ್ಯಾಂಟೀನಿನ ಚಹಾ ಕೈಗೆ ಬಂದ ಕೂಡಲೇ ಕುಡಿಯುವವರನ್ನು ಈ ಕಡೆಯವರೆಂದು ಪರಿಗಣಿಸತಕ್ಕದ್ದು. ಊದಿ ಕುಡಿಯುವವರು ಆ ಕಡೆಯವರು; ಕೊಟ್ಟದ್ದನ್ನು ಕೊಟ್ಟ ಹಾಗೆ ಸ್ವೀಕರಿಸುವ ಮನೋಭಾವ ಅವರಲ್ಲಿ ಕಂಡುಬರುವುದಿಲ್ಲ. ಬಸಿಗೆ ಸುರಿದುಕೊಂಡು ಕುಡಿಯುವವರಿಗೆ ಅಧಿಕಾರವನ್ನು ಹಂಚಿಹಾಕುವ ಚಪಲ ಇರುವ ಸಾಧ್ಯತೆಯಿದ್ದು, ಅವರ ಬಸಿಗಳನ್ನು ಹಿಂಪಡೆಯಲಾಗಿದೆ. ಅರ್ಧ ಕುಡಿದು ಇಡುವವರ ಬಗ್ಗೆ ಪ್ರತ್ಯೇಕ ಸೂಚನೆ ಹೊರಡಿಸಲಾಗುವುದು.

ನಾಲಿಗೆ ಸುಟ್ಟುಕೊಂಡಿರುವುದನ್ನು ನಿಷ್ಠೆಯ ಪುರಾವೆಯಾಗಿ ಅಂಗೀಕರಿಸಲಾಗುವುದು. ಆದರೆ ಬೆರಳಚ್ಚು ವಿಭಾಗದವರೊಬ್ಬರು ಮಾಡಿದಂತೆ, ಸಾಹೇಬರ ಮೇಜಿನ ಮುಂದೆ ನಿಂತು ನಾಲಿಗೆ ಚಾಚಿ ತೋರಿಸುವ ಅವಶ್ಯಕತೆ ಇರುವುದಿಲ್ಲ. ಆ ಸಮಯದಲ್ಲಿ ಹೊರಗಿನವರು ಒಳಗೆ ಬಂದರೆ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ.

3. ಬಾಗಿಲು

ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಲ್ಲುವವರು ಆ ಕಡೆ. ತಾವು ಒಳಗೆ ಬಂದ ಮೇಲೆ ಬಿಟ್ಟುಬಿಡುವವರು ಈ ಕಡೆ. ಹಿಂದೆ ಬರುತ್ತಿರುವವರು ಸಾಹೇಬರೇ ಆಗಿದ್ದಲ್ಲಿ ಬಾಗಿಲು ಹಿಡಿಯುವುದು ಒಲವು ಎನಿಸಿಕೊಳ್ಳುವುದಿಲ್ಲ, ಅದು ಬದುಕು. ಹಣೆಗೆ ಬಾಗಿಲು ಬಡಿಸಿಕೊಂಡವರು ಅದು ಯಾರ ನಿಷ್ಠೆಯಿಂದ ಬಡಿಯಿತು ಎಂಬುದನ್ನು ಸಮಿತಿಗೆ ತಿಳಿಸತಕ್ಕದ್ದು. ಊತ ಇಳಿಯುವ ಮುಂಚೆ ತಿಳಿಸಿದರೆ ಅನುಕೂಲ.

4. ನಗು

ಸಾಹೇಬರು ಹಾಸ್ಯ ಹೇಳುವಾಗ ಅದು ಮುಗಿಯುವ ಮುನ್ನವೇ ನಗುವವರು ಈ ಕಡೆ. ಮುಗಿದ ಮೇಲೆ ನಗುವವರನ್ನು ನಿಗಾದಲ್ಲಿ ಇಡತಕ್ಕದ್ದು. ಅಕ್ಕಪಕ್ಕದವರ ಮುಖ ನೋಡಿ ಆಮೇಲೆ ನಗುವವರು ಯಾವ ಕಡೆಗಾದರೂ ಸಲ್ಲುವವರಾದ್ದರಿಂದ ಅವರಿಗೆ ಬಡ್ತಿಯಲ್ಲಿ ಆದ್ಯತೆ. ಸಾಹೇಬರಿಗೆ ಗೊತ್ತಿರುವ ಹಾಸ್ಯ ಒಂದೇ ಆಗಿರುವುದರಿಂದ ಪೂರ್ವಸಿದ್ಧತೆಗೆ ಸಮಯ ಸಾಲಲಿಲ್ಲ ಎಂಬ ಸಬೂಬನ್ನು ಒಪ್ಪಲಾಗುವುದಿಲ್ಲ.

ಇದೇ ಸಂದರ್ಭದಲ್ಲಿ, ಸಾಹೇಬರ ಹಿಂದಿನಿಂದ 'ಬುಗುರಿ' ಎಂಬ ಪದವನ್ನು ಬಳಸುತ್ತಿರುವುದು ಗಮನಕ್ಕೆ ಬಂದಿದ್ದು, ಕಚೇರಿಯ ಆವರಣದಲ್ಲಿ ತಿರುಗುವ ಯಾವುದೇ ವಸ್ತುವಿನ ಹೆಸರನ್ನು ಗಟ್ಟಿಯಾಗಿ ಹೇಳಬಾರದೆಂದು ಈ ಮೂಲಕ ಎಚ್ಚರಿಸಲಾಗಿದೆ. ಫ್ಯಾನನ್ನು ಇನ್ನು ಮುಂದೆ 'ಗಾಳಿ ಯಂತ್ರ' ಎನ್ನತಕ್ಕದ್ದು.

5. ದೊಡ್ಡಕ್ಕನವರ ಅಭ್ಯಾಸಗಳು

ಎಲ್ಲರ ಒಲವನ್ನೂ ಹೀಗೆ ಸುಗಮವಾಗಿ ವಿಂಗಡಿಸುತ್ತ ಬಂದ ಸಮಿತಿಯು ರವಾನೆ ವಿಭಾಗದ ಬಾಗಿಲಿಗೆ ಬಂದು ನಿಂತಿತು. ದೊಡ್ಡಕ್ಕನವರು ಚಹಾ ಊದಿ ಕುಡಿಯುತ್ತಾರೆ: ಆ ಕಡೆ. ಎದ್ದು ಹೋಗುವಾಗ ತಮ್ಮ ತಲೆಯ ಮೇಲಿನ ಗಾಳಿ ಯಂತ್ರವನ್ನು ಆರಿಸಿ ಹೋಗುತ್ತಾರೆ: ಈ ಕಡೆ. ಕಸ ಗುಡಿಸುವಾಕೆಗೆ ಸೊಂಟ ಹಿಡಿದ ದಿನ ತಮ್ಮ ಕುರ್ಚಿ ಬಿಟ್ಟುಕೊಟ್ಟು, ತಾವು ನಿಂತುಕೊಂಡೇ ಲಕೋಟೆಗಳಿಗೆ ಅಂಟು ಹಚ್ಚಿದ್ದಾರೆ: ಆ ಕಡೆ. ಬೀದಿದೀಪದ ಕಂಬಗಳನ್ನು 'ನಮ್ಮ ಕಂಬ' ಎನ್ನುತ್ತಾರೆ: ಈ ಕಡೆ. ಬಾಗಿಲನ್ನು ಮೊಣಕೈಯಿಂದ ತಳ್ಳಿ ಸೊಂಟದಿಂದ ತಡೆಯುತ್ತಾರೆ, ಎರಡೂ ಕೈ ತುಂಬ ಟಪಾಲು ಇರುತ್ತದೆ: ತೀರ್ಮಾನಿಸಲು ಆಗಿರುವುದಿಲ್ಲ.

ನಗುವಿನ ವಿಷಯದಲ್ಲಿ ಪರಿಸ್ಥಿತಿ ಗಂಭೀರವಾಗಿತ್ತು. ಸಾಹೇಬರು ಹಾಸ್ಯ ಹೇಳಿ ಮುಗಿಸಿ ಎಲ್ಲರೂ ನಕ್ಕು ಸುಮ್ಮನಾದ ಮೇಲೆ, ಟಪಾಲಿನಿಂದ ತಲೆಯೆತ್ತಿದ ದೊಡ್ಡಕ್ಕನವರು "ಏನಂದ್ರಿ ಸಾರ್? ಕೇಳಿಸ್ಲಿಲ್ಲ" ಎಂದಿದ್ದಾರೆ. ಸಾಹೇಬರು ಮತ್ತೊಮ್ಮೆ ಹೇಳಿದ್ದಾರೆ. ದೊಡ್ಡಕ್ಕನವರು ಸ್ವಲ್ಪ ಯೋಚಿಸಿ "ಆಮೇಲೆ ಏನಾಯ್ತು?" ಎಂದು ಕೇಳಿದ್ದಾರೆ.

ಆ ಸಮಯದಲ್ಲಿ ಅಧೀಕ್ಷಕರ ಹುದ್ದೆ ಖಾಲಿಯಿದ್ದು, ಅದು ನ್ಯಾಯವಾಗಿ ದೊಡ್ಡಕ್ಕನವರಿಗೆ ಬರಬೇಕಾಗಿತ್ತು. ಒಲವು ತೀರ್ಮಾನವಾಗದೆ ಕಡತ ಮುಂದೆ ಹೋಗುವಂತಿರಲಿಲ್ಲ. ಅವರನ್ನು ಬಿಟ್ಟರೆ ಆ ಹುದ್ದೆಗೆ ಬೇಕಾದ ಇಲಾಖಾ ಪರೀಕ್ಷೆ ಪಾಸಾಗಿದ್ದವರು ಸಮಿತಿಯ ಕಾರ್ಯದರ್ಶಿಯವರೊಬ್ಬರೇ. ಕಾರ್ಯದರ್ಶಿಯವರನ್ನು ಎದುರಿಗೆ ಕೂರಿಸಿಕೊಂಡು ಆ ಪರೀಕ್ಷೆಗೆ ಓದಿಸಿದವರು ದೊಡ್ಡಕ್ಕನವರೇ ಎಂಬುದು ಈ ಪ್ರಕರಣಕ್ಕೆ ಸಂಬಂಧಪಟ್ಟ ವಿಷಯವಾಗಿರುವುದಿಲ್ಲ.

6. ಮನೆಯಲ್ಲಿ ಗಮನಿಸುವ ಬಗ್ಗೆ

ಕಚೇರಿಯಲ್ಲಿ ಒಲವು ಸಿಗದವರ ಒಲವನ್ನು ಮನೆಯಲ್ಲಿ ಹುಡುಕಬಹುದೆಂದು ಸಾಹೇಬರು ಅಭಿಪ್ರಾಯಪಟ್ಟರು. "ಒಂದೇ ಮನೇಲಿ ಇದ್ದೀರಲ್ರೀ, ಕಣ್ಣು ಮುಚ್ಕೊಂಡು ಇರ್ತೀರಾ?" ಎಂದು ಕಾರ್ಯದರ್ಶಿಯವರನ್ನು ಕೇಳಿದರು. "ಅತ್ತಿಗೆ ಸಾರ್, ಅವ್ರು" ಎಂದು ಕಾರ್ಯದರ್ಶಿಯವರು ಹೇಳಿದರು. "ಅದಕ್ಕೇ ಹೇಳಿದ್ದು. ಹುದ್ದೆ ಖಾಲಿ ಇದೆ, ನೆನಪಿರ್ಲಿ" ಎಂದು ಸಾಹೇಬರು ಹೇಳಿದ್ದು, ಇದು ಯಾರ ಕುರಿತಾಗಿ ಹೇಳಿದ್ದೆಂದು ಕಾರ್ಯದರ್ಶಿಯವರು ಕೇಳಿರುವುದಿಲ್ಲ. ಅರ್ಥವಾಗಿತ್ತು.

ಅದರಂತೆ ಕಾರ್ಯದರ್ಶಿಯವರು ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಬಾಗಿಲಿಗೆ ಒರಗಿ ನಿಂತರು. ನಿಯಮಬಾಹಿರವೆಂದು ಗೊತ್ತಿದ್ದೂ, ಮನೆಯೊಳಗೆ ನಿಯಮ ಅನ್ವಯಿಸುವುದಿಲ್ಲವೆಂದು ಭಾವಿಸಿ, "ಅತ್ತಿಗೆ, ನಿಜ ಹೇಳಿ, ನೀವು ಯಾವ ಕಡೆ?" ಎಂದು ಕೇಳಿದರು.

"ಒಲೆ ಕಡೆ. ಸ್ವಲ್ಪ ಸರಿಯೋ, ಹಾಲು ಉಕ್ಕುತ್ತೆ" ಎಂದು ದೊಡ್ಡಕ್ಕನವರು ಹೇಳಿದರು.

ಹಾಲು ಉಕ್ಕಿತು. ಒರೆಸುವ ಬಟ್ಟೆಯನ್ನು ಕಾರ್ಯದರ್ಶಿಯವರ ಕೈಗೆ ಕೊಡಲಾಯಿತು.

ಸದರಿ ಹೇಳಿಕೆಯನ್ನು ಸಮಿತಿಯ ಮುಂದೆ ಇಡಲಾಗಿ, ಸಾಹೇಬರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. "ಒಲೆ ಅಂದ್ರೆ ಬೆಂಕಿ. ಬೆಂಕಿ ಅಂದ್ರೆ ಏನ್ರೀ?" ಎಂದು ಕೇಳಿದರು. "ಗ್ಯಾಸು ಸಾರ್" ಎಂದು ಕಾರ್ಯದರ್ಶಿಯವರು ಉತ್ತರಿಸಿದರು. ಒಲೆ ಕಡೆ ಎಂಬುದು ಮಾನ್ಯತೆ ಪಡೆದ ಕಡೆಯೇ ಎಂದು ವಿಚಾರಿಸಿ ಮೇಲಿನವರಿಗೆ ಬರೆಯಲಾಗಿದ್ದು, ಉತ್ತರ ನಿರೀಕ್ಷಿಸಲಾಗಿದೆ. ಉತ್ತರ ಬರುವವರೆಗೆ ಯಾವುದೇ ನೌಕರರು ಒಲೆಯ ಹತ್ತಿರ ಅನಗತ್ಯವಾಗಿ ನಿಲ್ಲತಕ್ಕದ್ದಲ್ಲ. ಹಸಿವಾದಲ್ಲಿ ದೂರದಿಂದ ನೋಡಬಹುದು.

7. ಸಾರ್ವಜನಿಕರ ದೂರುಗಳು

ಸಿಬ್ಬಂದಿಯವರ ಜೊತೆಗೆ ಸಾರ್ವಜನಿಕರಿಗೂ ಒಲವು ಇರುವ ಸಂಭವವನ್ನು ಅಲ್ಲಗಳೆಯುವಂತಿಲ್ಲ. ಆದ್ದರಿಂದ ದೀಪ ಕೆಟ್ಟಿದೆಯೆಂದು ಬರುವ ದೂರು ಅರ್ಜಿಗಳು ಮೊದಲು ಸಮಿತಿಗೆ ಬಂದು, ಒಲವು ತೀರ್ಮಾನವಾಗಿ, ಮೊಹರು ಬಿದ್ದ ಮೇಲೆಯೇ ರವಾನೆಯಾಗಬೇಕೆಂದು ಆದೇಶಿಸಲಾಯಿತು. 'ದಯವಿಟ್ಟು' ಎಂದು ಶುರುಮಾಡಿದ ಅರ್ಜಿ ಈ ಕಡೆ. 'ಕೂಡಲೇ' ಎಂದು ಮುಗಿಸಿದ ಅರ್ಜಿ ಆ ಕಡೆ. 'ಕತ್ತಲೆ' ಎಂಬ ಪದ ಬಳಸಿದವರು ಆಡಳಿತವನ್ನೇ ಟೀಕಿಸುತ್ತಿರುವುದರಿಂದ ಅವರಿಗೆ ಅರ್ಜಿ ವಾಪಸು ಕಳುಹಿಸಿ, 'ಬೆಳಕಿನ ತಾತ್ಕಾಲಿಕ ಗೈರುಹಾಜರಿ' ಎಂದು ತಿದ್ದಿ ಬರೆದುಕೊಡಲು ತಿಳಿಸಲಾಯಿತು.

ಇದರಿಂದ ಅರ್ಜಿಗಳು ಸಮಿತಿಯ ಮೇಜಿನ ಮೇಲೆ ಗುಡ್ಡೆ ಬಿದ್ದವು. ಕಂಬ ಹತ್ತುವ ಕೆಲಸದವರು, ಅಂದರೆ ಎಲ್ಲರೂ ಏಣಿ ಮಾಮ ಎಂದು ಕರೆಯುವವರು, ಏಣಿಯನ್ನು ಗೋಡೆಗೆ ಒರಗಿಸಿ ಅದರ ನೆರಳಿನಲ್ಲಿ ಕೂತು ಬೀಡಿ ಸೇದುವುದು ಕಂಡುಬಂತು. ಏಣಿಯನ್ನು ಗೋಡೆಯ ಯಾವ ಮಗ್ಗುಲಿಗೆ ಒರಗಿಸಿದ್ದರು ಎಂಬುದನ್ನು ಸಮಿತಿಯು ಬರೆದುಕೊಂಡಿತು.

8. ಆಸ್ಪತ್ರೆಯ ಹಿಂದಿನ ಓಣಿಯ ದೀಪ

ಆಸ್ಪತ್ರೆಯ ಹಿಂದೆ ಒಂದು ಓಣಿಯಿದೆ. ಕೆಲಸ ಮುಗಿಸಿದ ದಾದಿಯರು ಸಂಜೆ ಆ ಓಣಿಯಲ್ಲೇ ನಡೆದು ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಅಲ್ಲಿದ್ದ ಒಂದೇ ದೀಪ ಕೆಟ್ಟಿದೆಯೆಂದೂ, ಓಣಿಯ ನಡುವೆ ಚರಂಡಿಯ ಮುಚ್ಚಳ ಒಡೆದಿದೆಯೆಂದೂ, ದಾದಿಯೊಬ್ಬರು ಅರ್ಜಿ ಕೊಟ್ಟಿದ್ದರು. ಅರ್ಜಿ 'ದಯವಿಟ್ಟು' ಎಂದು ಶುರುವಾಗಿ 'ಕೂಡಲೇ' ಎಂದು ಮುಗಿದಿತ್ತು. ಇಂಥದನ್ನು ಸಮಿತಿಯು ಹಿಂದೆ ಕಂಡಿರಲಿಲ್ಲವಾದ್ದರಿಂದ ಹೆಚ್ಚಿನ ಪರಿಶೀಲನೆಗಾಗಿ ಕೆಳಗಿಡಲಾಯಿತು.

ಸ್ವಲ್ಪ ದಿನ ಕಳೆದು ಅದೇ ದಾದಿಯವರಿಂದ ಇನ್ನೊಂದು ಅರ್ಜಿ ಬಂತು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಸಾಲುಗಳು ವಾಲಿಕೊಂಡಿದ್ದವು. ವಾಲಿದ ದಿಕ್ಕನ್ನು ನೋಡಿದ ಕೂಡಲೇ ಸಾಹೇಬರು ಇದು ಸ್ಪಷ್ಟವಾಗಿ ಆ ಕಡೆಯ ಅರ್ಜಿಯೆಂದು ತೀರ್ಮಾನಿಸಿ, ಮೊಹರು ಹಾಕುವುದು ಬೇಡವೆಂದು ಬದಿಗಿಟ್ಟರು.

ಸಮಿತಿಯ ಕೋಣೆಗೆ ಟಪಾಲು ತೆಗೆದುಕೊಳ್ಳಲು ಬಂದ ದೊಡ್ಡಕ್ಕನವರು ಅದನ್ನು ಎತ್ತಿ ಓದಿದರು. ಕಾರ್ಯದರ್ಶಿಯವರು ಅಲ್ಲಿಯೇ ಇದ್ದರು. "ಇದು ಎಡಗೈಲಿ ಬರೆದಿರೋದು ಕಣೋ. ಆಯಮ್ಮ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡಿದ್ದಾಳೆ. ಇಲ್ಲೇ ಬರೆದಿದೆ ನೋಡು. ಯಾರೂ ಓದಿಲ್ವಾ?" ಎಂದು ಕೇಳಿದರು.

"ಅಕ್ಷರ ನೋಡಿದ್ವಿ ಅತ್ತಿಗೆ" ಎಂದು ಕಾರ್ಯದರ್ಶಿಯವರು ಹೇಳಿದರು.

ದೊಡ್ಡಕ್ಕನವರು ಎರಡೂ ಅರ್ಜಿಗಳನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. "ಏಣಿ ಮಾಮ, ಏಳಿ. ಆಸ್ಪತ್ರೆ ಹಿಂದಿನ ಓಣಿಗೆ ಹೋಗ್ಬೇಕು" ಎಂದರು. ಏಣಿ ಮಾಮನವರು ಬೀಡಿ ಆರಿಸಿ, "ಸಮಿತಿ ಮೊಹರು ಬಿದ್ದಿದೆಯಾ ದೊಡ್ಡಕ್ಕ?" ಎಂದು ಕೇಳಿದರು. "ಮೊಹರು ಉರಿಯಲ್ಲ ಮಾಮ, ಬಲ್ಬು ಉರಿಯುತ್ತೆ. ನಡೀರಿ" ಎಂದು ದೊಡ್ಡಕ್ಕನವರು ಹೇಳಿ, ಏಣಿಯ ಒಂದು ತುದಿಯನ್ನು ತಾವೇ ಹಿಡಿದುಕೊಂಡು ಹೊರಟರು.

ಆ ಸಂಜೆ ಓಣಿಯಲ್ಲಿ ಅನಧಿಕೃತ ಬೆಳಕು ಕಂಡುಬಂದಿರುತ್ತದೆ. ಒಡೆದ ಮುಚ್ಚಳದ ಮೇಲೆ ಯಾರೋ ಚಪ್ಪಡಿ ಕಲ್ಲನ್ನೂ ಎಳೆದಿಟ್ಟಿದ್ದು, ಅದು ಬೇರೆ ಇಲಾಖೆಗೆ ಸಂಬಂಧಪಟ್ಟ ಅಪರಾಧವಾಗಿರುತ್ತದೆ.

ತತ್ಸಂಬಂಧ ಈ ಮೂಲಕ ಸೂಚಿಸುವುದೇನೆಂದರೆ, ಮೊಹರಿಲ್ಲದ ಬೆಳಕಿನಲ್ಲಿ ನಡೆದಾಡುವ ಸಾರ್ವಜನಿಕರು ತಮ್ಮ ಜವಾಬ್ದಾರಿಯ ಮೇಲೆ ನಡೆಯತಕ್ಕದ್ದು. ಅಂಥ ಬೆಳಕಿನಲ್ಲಿ ಬೀಳದೆ ಹೋದಲ್ಲಿ ಕಚೇರಿಯು ಹೊಣೆಯಾಗಿರುವುದಿಲ್ಲ.

9. ವಿಚಾರಣೆ

ದೊಡ್ಡಕ್ಕನವರನ್ನು ಸಾಹೇಬರ ಕೋಣೆಗೆ ಕರೆಯಿಸಲಾಯಿತು. ಸಾಹೇಬರು ಕುರ್ಚಿಯಲ್ಲಿ, ಕಾರ್ಯದರ್ಶಿಯವರು ಪಕ್ಕದ ಸ್ಟೂಲಿನಲ್ಲಿ, ದೊಡ್ಡಕ್ಕನವರು ನಿಂತುಕೊಂಡು. ಕಿಟಕಿಯ ಹೊರಗೆ ಏಣಿ ಮಾಮ ಮತ್ತು ಕಸ ಗುಡಿಸುವಾಕೆ, ಗಿಡಕ್ಕೆ ನೀರು ಹಾಕುವ ನೆಪದಲ್ಲಿ. ಅಲ್ಲಿ ಗಿಡ ಇರುವುದಿಲ್ಲ.

"ನೀವು ಯಾವ ಕಡೆ ಅಂತ ನಾನು ಕೇಳ್ತಾ ಇಲ್ಲ. ಕೇಳೋ ಹಾಗಿಲ್ಲ. ನೀವಾಗೇ ಹೇಳಿದ್ರೆ ಬರ್ಕೋತೀವಿ" ಎಂದು ಸಾಹೇಬರು ವಿಚಾರಣೆ ಆರಂಭಿಸಿದರು.

"ಬಿದ್ದವಳು ಯಾವ ಕಡೆ ಬಿದ್ದಳು ಅಂತ ವಿಚಾರಿಸಿದ್ರಾ ಸಾರ್?" ಎಂದು ದೊಡ್ಡಕ್ಕನವರು ಕೇಳಿದರು.

ಸಾಹೇಬರು ಕಾರ್ಯದರ್ಶಿಯವರ ಕಡೆ ನೋಡಿದರು. ಕಾರ್ಯದರ್ಶಿಯವರು ಕಡತ ತೆರೆದು, "ಬಲಗಡೆ ಸಾರ್, ಮಣಿಕಟ್ಟಿನ ಪ್ರಕಾರ" ಎಂದರು. ಕಿಟಕಿಯ ಹೊರಗೆ ಯಾರೋ ಕೆಮ್ಮಿದ್ದು ದಾಖಲಾಗಿದೆ.

ಸಾಹೇಬರು ಬೆವರೊರೆಸಿಕೊಂಡು, "ಅಮ್ಮಾ, ನನಗೂ ಮೇಲೆ ಉತ್ತರ ಕೊಡ್ಬೇಕು. ಒಂದು ಕಡೆ ಅಂತ ಇರ್ಲೇಬೇಕು. ಖಾಲಿ ಬಿಡೋಕಾಗಲ್ಲ" ಎಂದರು. ಆಗ ದೊಡ್ಡಕ್ಕನವರು ಕಾರ್ಯದರ್ಶಿಯವರ ಕಡೆ ತಿರುಗಿ, ಕೋಪವಿಲ್ಲದೆ, ಊಟಕ್ಕೆ ಏನು ಮಾಡಲಿ ಎಂದು ಕೇಳುವ ದನಿಯಲ್ಲಿ, "ನೀನೇ ಹೇಳಪ್ಪ. ಹತ್ತಿರದಿಂದ ನೋಡಿರೋನು ನೀನು. ನಾನು ಯಾವ ಕಡೆ?" ಎಂದು ಕೇಳಿದರು.

ಕಾರ್ಯದರ್ಶಿಯವರು ಆ ಸಮಯದಲ್ಲಿ ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಅದು ಪೆನ್ನಿನ ಮೇಲೆಯೇ ಇತ್ತು. ಅವರು ಈ ಊರಿಗೆ ಒಂದು ಚೀಲ ಹಿಡಿದುಕೊಂಡು ಬಂದ ದಿನದಿಂದ ಅವರ ತಟ್ಟೆಗೆ ಬಡಿಸಿದವರು ಯಾರು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು ಯಾರು, ಕೆಲಸಕ್ಕೆ ಸೇರಿದಾಗ ಲಕೋಟೆ ಮಡಚುವುದನ್ನು ಕೈಹಿಡಿದು ಕಲಿಸಿದವರು ಯಾರು ಎಂಬ ವಿಷಯಗಳು ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅವುಗಳನ್ನು ಪರಿಗಣಿಸಲಾಗಿರುವುದಿಲ್ಲ.

"ಆ ಕಡೆ ಸಾರ್" ಎಂದು ಕಾರ್ಯದರ್ಶಿಯವರು ಹೇಳಿದರು.

"ಬರ್ಕೊಳ್ಳಿ ಸಾರ್. ಅವನಿಗೆ ಸುಳ್ಳು ಹೇಳೋದನ್ನ ನಾನಂತೂ ಕಲಿಸಿಲ್ಲ" ಎಂದು ದೊಡ್ಡಕ್ಕನವರು ಹೇಳಿ ಹೊರಟುಹೋದರು. ಬಾಗಿಲನ್ನು ಹೇಗೆ ಬಿಟ್ಟರೆಂಬುದನ್ನು ಯಾರೂ ಗಮನಿಸಿರುವುದಿಲ್ಲ.

10. ಕ್ರಮ

ಆಡಳಿತಾತ್ಮಕ ಕಾರಣಗಳಿಗಾಗಿ ದೊಡ್ಡಕ್ಕನವರನ್ನು ಊರಾಚೆಯ ಕಂಬದ ಉಗ್ರಾಣಕ್ಕೆ ವರ್ಗಾಯಿಸಲಾಯಿತು. ಅಲ್ಲಿ ತುಕ್ಕು ಹಿಡಿದ ಕಂಬಗಳನ್ನು ಮಲಗಿಸಿಟ್ಟಿದ್ದು, ಅವು ಎಲ್ಲಿಗೂ ಹೋಗದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಅಧೀಕ್ಷಕರ ಹುದ್ದೆಗೆ ಸಮಿತಿಯ ಕಾರ್ಯದರ್ಶಿಯವರನ್ನು ಬಡ್ತಿಗೊಳಿಸಲಾಯಿತು.

ದೊಡ್ಡಕ್ಕನವರು ಹೊರಟ ದಿನ ಕಸ ಗುಡಿಸುವಾಕೆ ಅವರ ಚಹಾ ಲೋಟವನ್ನು ತೊಳೆದು ಸೆರಗಿನಲ್ಲಿ ಒರೆಸಿ ಕೊಟ್ಟಳು. ಏಣಿ ಮಾಮ ಚೀಲ ಹಿಡಿದುಕೊಂಡು ಗೇಟಿನವರೆಗೆ ಹೋದರು. ಇಬ್ಬರನ್ನೂ ಆ ಕಡೆಗೆ ಸೇರಿಸಲಾಗಿದೆ. ಉಳಿದ ಸಿಬ್ಬಂದಿಯವರು ಚಾವಣಿ ನೋಡುತ್ತಿದ್ದರು. ಅದೇ ಸಮಯಕ್ಕೆ ಅಷ್ಟೂ ಜನರಿಗೆ ಚಾವಣಿ ನೋಡುವ ಅಗತ್ಯವೇನಿತ್ತು ಎಂಬುದಕ್ಕೆ ಯಾರೂ ವಿವರಣೆ ನೀಡಿರುವುದಿಲ್ಲ. ಸಮಿತಿಯು ಕೇಳಿರುವುದೂ ಇಲ್ಲ. ಇನ್ನು ಮುಂದೆ ವರ್ಗಾವಣೆಯಾದವರು ಹೊರಡುವ ವೇಳೆಯಲ್ಲಿ ಚಾವಣಿ ನೋಡುವುದನ್ನು ಕಚೇರಿ ಕೆಲಸವೆಂದೇ ಪರಿಗಣಿಸಲಾಗುವುದು.

11. ಗಾಳಿ ತಿರುಗಿದ್ದರ ಬಗ್ಗೆ

ಈ ನಡುವೆ ಮೇಲಿನವರು ಬದಲಾದರು. ಸುದ್ದಿ ಬಂದ ದಿನ ಊಟದ ಬಿಡುವಿಗೆ ಹೋದ ಸಾಹೇಬರು ವಾಪಸು ಬರುವಾಗ ಬೈತಲೆ ಇನ್ನೊಂದು ಪಕ್ಕಕ್ಕೆ ಬಂದಿತ್ತು. ಕನ್ನಡಕವೂ ಬದಲಾಗಿತ್ತು. ಅದರಲ್ಲಿ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲವಾದರೂ, ಅವರನ್ನು ಕಂಡವರಿಗೆ ಸರಿಯಾಗಿ ಕಾಣುತ್ತಿತ್ತು.

ಒಂದನೇ ಕಲಮಿನಂತೆ ಎಲ್ಲ ಲಕ್ಷಣಗಳನ್ನೂ ಅದಲು ಬದಲು ಮಾಡಲಾಗಿದೆ. ಚಹಾ ಊದಿ ಕುಡಿಯುವವರು ಈಗ ಈ ಕಡೆಯವರು. ಹಿಂಪಡೆದ ಬಸಿಗಳನ್ನು ಸಹಿ ಹಾಕಿ ಕೊಂಡೊಯ್ಯಬಹುದು. ಸುಟ್ಟ ನಾಲಿಗೆಯವರು ಮುಂದಿನ ಸೂಚನೆಯವರೆಗೆ ಬಾಯಿ ಮುಚ್ಚಿಕೊಂಡಿರತಕ್ಕದ್ದು. ಬಾಗಿಲು ಹಿಡಿಯುವುದು ಈ ಕಡೆಯ ಲಕ್ಷಣವಾದ ಕೂಡಲೇ ಎಲ್ಲ ನೌಕರರೂ ಬಾಗಿಲು ಹಿಡಿದು ನಿಂತು 'ನೀವು ಮೊದಲು, ನೀವು ಮೊದಲು' ಎಂದದ್ದರಿಂದ ಮಧ್ಯಾಹ್ನದವರೆಗೆ ಯಾರೂ ಒಳಗೆ ಬಂದಿರುವುದಿಲ್ಲ. ಇದನ್ನು ನಿವಾರಿಸಲು ಬಾಗಿಲನ್ನೇ ಕಳಚಿಡಲಾಗಿದೆ. ಕಳಚಿದ ಬಾಗಿಲನ್ನು ಮನಸ್ಸಿನಲ್ಲೇ ಹಿಡಿದು ನಿಲ್ಲಲು ಅಭ್ಯಂತರವಿಲ್ಲ.

12. ಕಾಲಕ್ಕೆ ಮುಂಚೆ ಸರಿಯಾಗಿರುವವರ ಬಗ್ಗೆ

ಹೀಗೆ ಅದಲು ಬದಲಾದ ಮೇಲೆ ದೊಡ್ಡಕ್ಕನವರೂ ತಾವಿದ್ದಲ್ಲೇ ಈ ಕಡೆಯವರಾದರು. ಅವರೇನೂ ಮಾಡಬೇಕಾಗಿ ಬರಲಿಲ್ಲ. ಏಣಿ ಮಾಮನವರು ಇದನ್ನು ಹೇಗೋ ಲೆಕ್ಕ ಹಾಕಿ, ಸಾಹೇಬರ ಕೋಣೆಗೆ ಬಂದು, "ಸಾರ್, ಈಗ ನಮ್ಮ ದೊಡ್ಡಕ್ಕ ಸರಿ ಅಂತಾಯ್ತಲ್ವಾ? ವಾಪಸ್ ಕರೆಸ್ಬಹುದಲ್ಲ?" ಎಂದು ಮೌಖಿಕ ಮನವಿ ಸಲ್ಲಿಸಿದರು.

"ಈಗ ಸರಿ ಕಣಯ್ಯ. ಆದ್ರೆ ಆಗ ಯಾಕೆ ಸರಿ ಇದ್ರು?" ಎಂದು ಸಾಹೇಬರು ಕೇಳಿದರು. "ಅವ್ರು ಬದಲಾಗಿಲ್ಲ ಸಾರ್, ಅದಕ್ಕೆ" ಎಂದು ಏಣಿ ಮಾಮನವರು ಹೇಳಿದರು. ಅದೇ ತೊಂದರೆಯೆಂದು ಸಾಹೇಬರು ತಿಳಿಸಿದರು.

ಆದ್ದರಿಂದ ಆದೇಶಿಸುವುದೇನೆಂದರೆ, ಮೇಲಿನಿಂದ ಸೂಚನೆ ಬರುವ ಮೊದಲೇ ಸರಿಯಾಗಿರುವುದು ಶಿಸ್ತಿನ ಉಲ್ಲಂಘನೆ. ಎಲ್ಲ ನೌಕರರೂ ಆಯಾ ಕಾಲಕ್ಕೆ ತಪ್ಪಾಗಿದ್ದು, ಆಮೇಲೆ ಸರಿಯಾಗತಕ್ಕದ್ದು. ದೊಡ್ಡಕ್ಕನವರ ವರ್ಗಾವಣೆ ಯಥಾಪ್ರಕಾರ ಮುಂದುವರಿಯುತ್ತದೆ.

13. ಬಹುವಚನ

ಈ ಕಲಮು ಸಾಹೇಬರು ನೋಡಿದ ಕರಡಿನಲ್ಲಿ ಇರಲಿಲ್ಲ. ಸಾಹೇಬರಿಗೆ ಸುತ್ತೋಲೆಗಳನ್ನು ಓದದೆ ಅನುಮೋದಿಸುವ ಅಭ್ಯಾಸವಿದ್ದು, ಆ ಅಭ್ಯಾಸ ಎರಡೂ ಕಡೆಯವರಲ್ಲಿ ಸಮಾನವಾಗಿ ಕಂಡುಬಂದಿರುವುದರಿಂದ ಇದನ್ನು ಸೇರಿಸಲಾಗಿದೆ.

ವಿಚಾರಣೆಯ ದಿನ ಸಂಜೆ ಕಾರ್ಯದರ್ಶಿಯವರು ಮನೆಗೆ ಹೋದಾಗ ಜಗಳವಾಗಬಹುದೆಂದು ನಿರೀಕ್ಷಿಸಿದ್ದರು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದರು. ಜಗಳವಾಗಲಿಲ್ಲ. ಊಟ ಬಿಸಿಯಾಗಿತ್ತು. ತಟ್ಟೆ ತೊಳೆದಿಟ್ಟಿತ್ತು. "ಬನ್ನಿ, ಊಟಕ್ಕೆ ಕೂತ್ಕೊಳ್ಳಿ" ಎಂದು ದೊಡ್ಡಕ್ಕನವರು ಕರೆದರು.

ಕಾರ್ಯದರ್ಶಿಯವರು ಯಾರೋ ನೆಂಟರು ಬಂದಿದ್ದಾರೆಂದು ಭಾವಿಸಿ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

ಅಂದಿನಿಂದ ಹೀಗೆಯೇ ನಡೆದಿರುತ್ತದೆ. 'ನಿಮ್ಮ ಬಟ್ಟೆ ಮಡಚಿಟ್ಟಿದೆ.' 'ನಿಮಗೆ ಇನ್ನೂ ಸ್ವಲ್ಪ ಬಡಿಸ್ಲಾ?' 'ಬಾಗಿಲು ಹಾಕ್ಕೊಂಡು ಹೋಗಿ, ನನ್ನ ಬಸ್ಸು ಬೇಗ.' ಮೊದಲ ದಿನ ಕಾರ್ಯದರ್ಶಿಯವರ ಅಣ್ಣನವರು ತಮಾಷೆಯೆಂದುಕೊಂಡು ನಕ್ಕರು. ಎರಡನೇ ದಿನ ನಗಲಿಲ್ಲ. ತಲೆ ತಗ್ಗಿಸಿಕೊಂಡು ಊಟ ಮಾಡಿ ಎದ್ದುಹೋದರು. ಯಾವುದರಲ್ಲೂ ಕೊರತೆಯಿಲ್ಲ, ಯಾವುದಕ್ಕೂ ದೂರು ಕೊಡುವಂತಿಲ್ಲ. ಸ್ವಂತ ಮನೆಯಲ್ಲಿ ಕಾರ್ಯದರ್ಶಿಯವರು ಮರ್ಯಾದಸ್ಥ ಬಾಡಿಗೆದಾರರಂತೆ ಓಡಾಡಿಕೊಂಡಿದ್ದಾರೆ. ಅಡುಗೆಮನೆಯೊಳಗೆ ಕಾಲಿಡುವ ಮುಂಚೆ ಕೆಮ್ಮುತ್ತಾರೆ.

ಒಂದು ಭಾನುವಾರ ತಡೆಯಲಾರದೆ, "ಅತ್ತಿಗೆ, ಯಾಕೆ ಹೀಗೆ ಮಾತಾಡ್ತೀರಿ? ಬೈದುಬಿಡಿ ಬೇಕಾದ್ರೆ" ಎಂದು ಕೇಳಿದರು.

"ಬೈಯೋದು ಯಾಕೆ? ಅಧೀಕ್ಷಕರಲ್ವಾ ನೀವು. ಮರ್ಯಾದೆ ಕೊಡಬೇಕಲ್ಲ" ಎಂದು ದೊಡ್ಡಕ್ಕನವರು ಹೇಳಿದರು. ದನಿಯಲ್ಲಿ ವ್ಯಂಗ್ಯ ಕಂಡುಬರಲಿಲ್ಲ. ಕಂಡುಬಂದಿದ್ದರೆ ಒಳ್ಳೆಯದಿತ್ತು.

ಈ ಬಹುವಚನವು ಯಾವ ಕಡೆಯ ಲಕ್ಷಣವೆಂದು ತೀರ್ಮಾನಿಸಲು ಕಾರ್ಯದರ್ಶಿಯವರು ಮಾಡಿದ ಪ್ರಯತ್ನ ಫಲಿಸಿರುವುದಿಲ್ಲ. ಆದ್ದರಿಂದ ಸಮಿತಿಗೆ ಇರುವ ಅಧಿಕಾರವನ್ನು ಚಲಾಯಿಸಿ ಕೆಳಕಂಡಂತೆ ಸೂಚಿಸಲಾಗಿದೆ:

(ಅ) ಕುಟುಂಬದ ಹಿರಿಯರು ಕಿರಿಯರನ್ನು ಮನೆಯೊಳಗೆ ಮೊದಲಿನಿಂದ ಹೇಗೆ ಕರೆಯುತ್ತಿದ್ದರೋ ಹಾಗೆಯೇ ಕರೆಯತಕ್ಕದ್ದು.
(ಆ) 'ನೀನು', 'ಹೋಗೋ', 'ಬಾರೋ', 'ಸರಿಯೋ' ಮುಂತಾದವುಗಳನ್ನು ಯಾವುದೇ ಕಡೆಯ ಲಕ್ಷಣವೆಂದು ಪರಿಗಣಿಸಲಾಗುವುದಿಲ್ಲ. ಇವುಗಳ ಬಳಕೆಗೆ ಪೂರ್ವಾನುಮತಿಯ ಅಗತ್ಯವಿರುವುದಿಲ್ಲ.
(ಇ) ತಲೆಗೆ ಮೊಟಕಿದಲ್ಲಿ ಅದನ್ನು ದೈಹಿಕ ಹಲ್ಲೆಯೆಂದು ಭಾವಿಸದೆ, ಬಾಕಿಯಿದ್ದದ್ದೆಂದು ಸ್ವೀಕರಿಸಲಾಗುವುದು.
(ಈ) ಈ ಆದೇಶವು ತಕ್ಷಣದಿಂದ, ಸಾಧ್ಯವಾದರೆ ಇವತ್ತಿನ ಸಂಜೆಯ ಊಟದಿಂದಲೇ, ಜಾರಿಗೆ ಬರತಕ್ಕದ್ದು.

ಒಂದರಿಂದ ಹನ್ನೆರಡರವರೆಗಿನ ಕಲಮುಗಳನ್ನು ಉಲ್ಲಂಘಿಸಿದವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು. ಹದಿಮೂರನೆಯದನ್ನು ಉಲ್ಲಂಘಿಸಿದಲ್ಲಿ ಏನು ಮಾಡಬೇಕೆಂಬುದು ಈ ಕಚೇರಿಗೆ ತಿಳಿದಿರುವುದಿಲ್ಲ.

(ಸಹಿ)
ಅಧೀಕ್ಷಕರು ಹಾಗೂ ಕಾರ್ಯದರ್ಶಿ,
ಒಲವು ಗಮನ ಸಮಿತಿ
ಸಾಹೇಬರ ಪರವಾಗಿ (ಸದರಿಯವರು ಬೈತಲೆಯ ಕೆಲಸದ ಮೇಲೆ ಹೊರಗೆ ಹೋಗಿರುತ್ತಾರೆ)

ಪ್ರತಿಗಳು:
1) ಮೇಲಿನವರಿಗೆ, ಈಗ ಇರುವವರು ಯಾರೋ ಅವರಿಗೆ.
2) ಹಿಂದೆ ಮೇಲಿದ್ದವರಿಗೆ, ಮತ್ತೆ ಬಂದರೆ ಇರಲಿ ಎಂದು.
3) ಕ್ಯಾಂಟೀನಿಗೆ, ಚಹಾದ ಬಿಸಿಯನ್ನು ಎರಡೂ ಕಡೆಯವರಿಗೆ ಒಗ್ಗುವಂತೆ ಇಡುವ ಕೋರಿಕೆಯೊಂದಿಗೆ.
4) ಆಸ್ಪತ್ರೆಯ ದಾದಿಯವರಿಗೆ: ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ದೀಪ ಉರಿಯುತ್ತಿದ್ದಲ್ಲಿ ಅದನ್ನು ಗಮನಿಸದಂತೆ ಇರುವುದು.
5) ಏಣಿ ಮಾಮನವರಿಗೆ, ಓದಿ ಹೇಳುವವರ ಮೂಲಕ.
6) ಸೂಚನಾ ಫಲಕಕ್ಕೆ (ಹದಿಮೂರನೇ ಕಲಮನ್ನು ಮಡಚಿ ಅಂಟಿಸುವುದು).
7) ದೊಡ್ಡಕ್ಕನವರಿಗೆ, ಕಂಬದ ಉಗ್ರಾಣ: ಮುಂಗಡ ಪ್ರತಿಯನ್ನು ಅಧೀಕ್ಷಕರು ಖುದ್ದಾಗಿ ಕೊಂಡೊಯ್ದು ತಲುಪಿಸಿರುತ್ತಾರೆ. ಸದರಿಯವರು ನಿಂತುಕೊಂಡು ಪೂರ್ತಿ ಓದಿ, ಕೆಳಗೆ 'ಓದಿದೆ. ನೀವು ಹೇಳಿದ ಹಾಗೇ ಆಗಲಿ' ಎಂದು ಷರಾ ಬರೆದು ಹಿಂದಿರುಗಿಸಿರುತ್ತಾರೆ.